ಮೊದಲ ಮನೆಯ ಅಭಿರುಚಿ: ವಿಲಿಯಂ ಮಾರಿಸನ ‘ರೆಡ್ ಹೌಸ್’

ಮೊದಲ ಬಾರಿಗೆ ಸ್ವಂತ ಮನೆಯನ್ನು ಕಟ್ಟಿಸಲು ಹೊರಟ ದಂಪತಿಗಳಿಗೆ ಇಂದು, ತಾರಸಿಯ ಸೆಂಟ್ರಿಂಗ್ ಬಿಚ್ಚುವುದಕ್ಕೆ ಮುಂಚೆಯೇ, ಒಂದು ಪ್ರಶ್ನೆ ಎದುರಾಗುತ್ತದೆ: ಒಳಾಂಗಣದ ಅಲಂಕಾರವು ಯಾವ ಶೈಲಿಯಲ್ಲಿರತಕ್ಕದ್ದು? ಬೆಂಗಳೂರು, ಮೈಸೂರುಗಳ ಹೊಸ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಒದಗಿಸುವುದೇ ಒಂದು ವೃತ್ತಿಯಾಗಿ ಬೆಳೆದಿದೆ. ಇಂಟೀರಿಯರ್ ಡಿಸೈನರು ಚಿತ್ರಗಳನ್ನು ಮುಂದಿಡುತ್ತಾರೆ. ಸಾಂಪ್ರದಾಯಿಕ, ಆಧುನಿಕ, ಎರಡರ ಮಿಶ್ರಣ ಎಂಬ ವರ್ಗಗಳಲ್ಲಿ ಒಂದನ್ನು ಮನೆಯವರು ಆರಿಸುತ್ತಾರೆ. ಫಾಲ್ಸ್ ಸೀಲಿಂಗಿನಿಂದ ಹಿಡಿದು ಟೀವಿಯ ಹಿಂದಿನ ಹಲಗೆಯವರೆಗೆ ಸಮಸ್ತವೂ ಗೃಹಪ್ರವೇಶದ ದಿನಕ್ಕೆ ಸಿದ್ಧವಾಗಿರುತ್ತದೆ. ಈ ಪದ್ಧತಿಯ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಪ್ರತಿಯೊಬ್ಬನ ಅಭಿರುಚಿಯೂ ಅವನೊಳಗೆ ಮೊದಲೇ ರೂಪುಗೊಂಡಿರುತ್ತದೆ, ಅದನ್ನು ಗುರುತಿಸಿ ಹೆಸರಿಟ್ಟು ಗೋಡೆಗಳಿಗೆ ಹೊಂದಿಸುವುದಷ್ಟೇ ಉಳಿದ ಕೆಲಸ ಎಂಬುದೇ ಆ ನಂಬಿಕೆ. ಇದು ಎಷ್ಟು ನಿಜವೆಂಬುದನ್ನು ಪರೀಕ್ಷಿಸಲು, ಗೃಹಾಲಂಕಾರದ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಒಂದು ಮೊದಲ ಮನೆಯನ್ನೇ ತೆಗೆದುಕೊಂಡು ಅದರ ಗುಣದೋಷಗಳನ್ನು ತೂಗಿ ನೋಡುವುದು ಉಚಿತವೆಂದು ನನ್ನ ಭಾವನೆ.

ಲಂಡನ್ನಿನ ಆಗ್ನೇಯಕ್ಕೆ, ಅಂದು ಕೆಂಟ್ ಪ್ರಾಂತ್ಯಕ್ಕೆ ಸೇರಿದ್ದ ಬೆಕ್ಸ್‌ಲಿಹೀತ್ ಎಂಬಲ್ಲಿ, ಮುಂದೆ ಅಲಂಕಾರ ವಿನ್ಯಾಸಕಾರನಾಗಿ ಹೆಸರಾದ ವಿಲಿಯಂ ಮಾರಿಸನು ತನಗೂ ತನ್ನ ನವವಧುವಿಗೂ ಕಟ್ಟಿಸಿದ ‘ರೆಡ್ ಹೌಸ್’ ಆ ಮನೆ. ಆಕ್ಸ್‌ಫರ್ಡಿನ ಕುದುರೆಲಾಯದ ನೌಕರನೊಬ್ಬನ ಮಗಳಾದ ಜೇನ್ ಬರ್ಡನ್ನಳನ್ನು ಅವನು ಮದುವೆಯಾದದ್ದು 1859ರ ಏಪ್ರಿಲಿನಲ್ಲಿ; ದಂಪತಿಗಳು ಹೊಸ ಮನೆಯನ್ನು ಹೊಕ್ಕದ್ದು 1860ರ ಬೇಸಗೆಯಲ್ಲಿ. ಆಗ ಅವನಿಗೆ ವಯಸ್ಸು ಇಪ್ಪತ್ತಾರು. ನಕ್ಷೆ ಬರೆದ ಫಿಲಿಪ್ ವೆಬ್ ಅವನಿಗಿಂತ ಮೂರು ವರ್ಷ ಹಿರಿಯ. ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಇಬ್ಬರೂ ಒಟ್ಟಿಗಿದ್ದವರು. ಮಾರಿಸನಿಗೆ ಅದು ಮೊದಲ ಮನೆಯಾಗಿದ್ದಂತೆ ವೆಬ್ಬನಿಗೂ ಅದು ಸ್ವತಂತ್ರವಾಗಿ ಕೈಗೊಂಡ ಮೊದಲ ಕಟ್ಟಡ. ಗಾರೆಯ ಮುಸುಕಿಲ್ಲದೆ ಬರಿಯ ಕೆಂಪು ಇಟ್ಟಿಗೆಯಲ್ಲಿ ಎದ್ದ ಗೋಡೆಗಳು, ಕಡಿದಾದ ಹೆಂಚಿನ ಮಾಡು, ಎರಡು ಕೈಗಳ ನಡುವಣ ಅಂಗಳದಲ್ಲಿ ಶಂಕುವಿನಾಕಾರದ ಮೇಲ್ಚಾವಣಿಯುಳ್ಳ ಒಂದು ಬಾವಿ. ಹೊರಗಿನ ಸೌಷ್ಠವವನ್ನು ಗಣಿಸದೆ ಒಳಗಿನ ಕೋಣೆಗೆ ಎಲ್ಲಿ ಬೆಳಕು ಬೇಕೋ ಅಲ್ಲಿ ತೆರೆದ ಕಿಟಕಿಗಳು. ಇವು ಅದರ ಬಾಹ್ಯಲಕ್ಷಣಗಳು. ಹಳೆಯ ಹಣ್ಣಿನ ತೋಟವೊಂದರ ನಡುವೆ, ಆದಷ್ಟು ಕಡಿಮೆ ಮರಗಳು ಕೊಡಲಿಗೆ ಬೀಳುವಂತೆ, ಮನೆಯನ್ನು ಕೂಡಿಸಲಾಯಿತು. ಶರತ್ಕಾಲದ ರಾತ್ರಿಗಳಲ್ಲಿ ತೆರೆದ ಕಿಟಕಿಗಳ ಮೂಲಕ ಸೇಬುಹಣ್ಣು ಒಳಕ್ಕೆ ಉದುರುತ್ತಿತ್ತೆಂದು ಮಾರಿಸನ ಜೀವನಚರಿತ್ರೆಯನ್ನು ಬರೆದ ಮ್ಯಾಕೇಲ್ ತಿಳಿಸುತ್ತಾನೆ. ಒಳಗೂ ಹೊರಗೂ ಒಂದೇ ಮನೋಧರ್ಮದಿಂದ ಕಲ್ಪಿತವಾದ ನೂತನ ಗೃಹಗಳಲ್ಲಿ ಇದೇ ಮೊದಲನೆಯದೆಂದು ಜರ್ಮನ್ ವಿದ್ವಾಂಸ ಹೆರ್ಮನ್ ಮುತೇಸಿಯಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಂಡಾಡಿದಮೇಲೆ, ಅದರ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು. 2003ರಿಂದ ಅದು ಬ್ರಿಟನ್ನಿನ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ.

ಇಂಥ ಮನೆಯನ್ನು ನೋಡಿದವರಿಗೆ, ಮಾರಿಸನಿಗೆ ತನ್ನ ಅಭಿರುಚಿ ಏನೆಂಬುದು ಆರಂಭದಲ್ಲಿಯೇ ಸ್ಪಷ್ಟವಾಗಿ ಗೊತ್ತಿದ್ದಿರಬೇಕೆಂದು ತೋರುವುದು ಸಹಜ. ಆದರೆ ನಡೆದದ್ದು ಹಾಗಲ್ಲ. ಮದುವೆಗೆ ಮುನ್ನ ಅವನೂ ಚಿತ್ರಕಾರ ಬರ್ನ್-ಜೋನ್ಸನೂ ಲಂಡನ್ನಿನ ರೆಡ್ ಲಯನ್ ಚೌಕದಲ್ಲಿ ಬಾಡಿಗೆಯ ಕೋಣೆಗಳಲ್ಲಿ ಇದ್ದಾಗ, ಪೀಠೋಪಕರಣಗಳು ಇಲ್ಲದ ಆ ಕೋಣೆಗಳಿಗೆಂದು ಅಂಗಡಿಗಳಲ್ಲಿ ಹುಡುಕಿದರೆ ಮನಸ್ಸಿಗೊಪ್ಪುವ ಒಂದು ಕುರ್ಚಿಯೂ ದೊರೆಯಲಿಲ್ಲ. ಹೀಗೆ ದೊರೆಯದೆ ಹೋದದ್ದೇ ಮುಂದಿನದೆಲ್ಲಕ್ಕೂ ಬೀಜ. ತನಗೆ ಏನು ಬೇಡವೆಂಬುದಷ್ಟೇ ಅಂದು ಅವನಿಗೆ ತಿಳಿದಿತ್ತು. ಏನು ಬೇಕೆಂಬುದನ್ನು ಬಡಗಿಯ ಮುಂದೆ ನಿಂತು, ಮರವನ್ನು ಕೆತ್ತಿಸಿ, ಬಣ್ಣ ಬಳಿದು, ಕಂಡುಕೊಳ್ಳಬೇಕಾಯಿತು.

ಆ ಕೋಣೆಗಳಲ್ಲಿ ಹುಟ್ಟಿದ ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಅದು ಒಂದು ಬೃಹತ್ತಾದ ಆಸನ. ಕುಳಿತುಕೊಳ್ಳಲು ಕೆಳಗೆ ಉದ್ದನೆಯ ಹಲಗೆ, ಅದರ ಹಿಂದೆ ಎತ್ತರಕ್ಕೆ ಎದ್ದ ಬಾಗಿಲುಳ್ಳ ಕಪಾಟು. ಬಾಡಿಗೆ ಕೋಣೆಗೆ ಅದು ಮಿತಿಮೀರಿದ ಗಾತ್ರದ್ದು. ಹೊಸ ಮನೆಗೆ ಹೋಗುವಾಗ ಅದನ್ನು ಬಿಟ್ಟುಹೋಗಲಿಲ್ಲ, ಮಾರಲೂ ಇಲ್ಲ. ಮಹಡಿಯ ದೊಡ್ಡ ಕೋಣೆಯ ಗೋಡೆಗೆ ಅದನ್ನು ಸೇರಿಸಿ, ವೆಬ್ಬನು ಅದರ ನೆತ್ತಿಯ ಮೇಲೆ ಒಂದು ಕಟಾಂಜನವುಳ್ಳ ಅಟ್ಟವನ್ನೂ ಹತ್ತಲು ಒಂದು ಏಣಿಯನ್ನೂ ಕೂಡಿಸಿದನು. ಅಟ್ಟದ ಹಿಂದೆ ಮಾಡಿನ ಒಳಜಾಗಕ್ಕೆ ಹೋಗುವ ಒಂದು ಕಿರಿಬಾಗಿಲಿತ್ತು. ಹಬ್ಬದ ದಿನಗಳಲ್ಲಿ ಅದೇ ಅಟ್ಟವು ಹಾಡುವವರ ವೇದಿಕೆಯೂ ಆಗಬಹುದಾಗಿತ್ತು. ಹಳೆಯ ಸಾಮಾನು ಹೊಸ ಮನೆಯ ಶೈಲಿಗೆ ಹೊಂದುವುದಿಲ್ಲವೆಂಬ ಕೊರಗು ಇಲ್ಲಿ ಹುಟ್ಟಲೇ ಇಲ್ಲ, ಏಕೆಂದರೆ ಹೊಂದಿಕೆಯನ್ನು ಅಳೆಯಲು ಬೇಕಾದ ಶೈಲಿಯೇ ಇನ್ನೂ ಹುಟ್ಟಿರಲಿಲ್ಲ. ಹಳೆಯದನ್ನು ಹೊಸ ಅಗತ್ಯಕ್ಕೆ ತಿದ್ದಿದ ಆ ಕ್ರಿಯೆಯಿಂದಲೇ ಆ ಶೈಲಿಯ ಒಂದಂಶ ಹುಟ್ಟಿತು.

ಎರಡನೆಯ ನಿದರ್ಶನ ಇದಕ್ಕಿಂತಲೂ ಸೂಕ್ಷ್ಮವಾದುದು. ಜೇನ್ ಒಂದು ದಿನ ಲಂಡನ್ನಿನ ಅಂಗಡಿಯಲ್ಲಿ ನೀಲಿಯಲ್ಲಿ ಅದ್ದಿದ ಸರ್ಜ್ ಬಟ್ಟೆಯನ್ನು ಕಂಡು ಮನೆಗೆ ತಂದಳು. ಅದು ಒರಟು ಉಣ್ಣೆಯ ಸಾಧಾರಣ ಬಟ್ಟೆ. ಮಾರಿಸನು ಅದನ್ನು ನೋಡಿ ಹಿಗ್ಗಿ, ಕೂಡಲೇ ಅದರ ಮೇಲೆ ಹೂಗಳನ್ನು ಬರೆಯತೊಡಗಿದನು. ಕಸೂತಿಯ ಹೊಲಿಗೆಗಳನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಳೆಯ ಕಸೂತಿಯ ತುಂಡುಗಳನ್ನು ಎಳೆ ಎಳೆಯಾಗಿ ಬಿಚ್ಚಿ ನೋಡಿ ಅವನು ಕಲಿತನು, ಅವನಿಂದ ಅವಳು ಕಲಿತಳು. ಕಡುನೀಲಿಯ ನೆಲದ ಮೇಲೆ ಕೆಂಪು, ಬಿಳಿ, ಹಳದಿ ಉಣ್ಣೆಯ ದಾರದಲ್ಲಿ ಸಾಲುಸಾಲಾಗಿ ನಿಂತ ಪುಟ್ಟ ಹೂಗಿಡಗಳು. ಶಯನಗೃಹದ ಗೋಡೆಗೆ ಅವೇ ತೆರೆಯಾದವು. ಅಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ, ಮಧ್ಯಯುಗದ ಚರಿತ್ರೆಕಾರ ಫ್ರಾಸಾರನ ಇತಿಹಾಸದ ಸಚಿತ್ರ ಹಸ್ತಪ್ರತಿಯೊಂದರಿಂದ ಈ ಹೂಗಳ ಮಾದರಿ ಬಂದಿತು ಎಂಬುದನ್ನು ಗಮನಿಸಬೇಕು. ಎಂದಮೇಲೆ, ಎರವಲು ಪಡೆಯುವುದು ಸ್ವಂತಿಕೆಗೆ ವಿರೋಧವೆಂದು ಹೇಳುವ ಹಾಗಿಲ್ಲ. ಮಾದರಿ ಪರರದಾದರೂ, ಒರಟು ಬಟ್ಟೆ ಎಷ್ಟು ನಯವನ್ನು ತಾಳಬಲ್ಲುದು, ಈಗತಾನೇ ಕಲಿತ ಕೈ ಎಷ್ಟು ಬಳುಕಬಲ್ಲುದು ಎಂಬೆರಡು ನಿರ್ಬಂಧಗಳಿಗೆ ಒಳಗಾಗಿ ಅದು ಬದಲಾಯಿತು. ಆ ಬದಲಾವಣೆಯಲ್ಲೇ ಅದು ಆ ದಂಪತಿಗಳದಾಯಿತು.

ಮನೆಯ ಉಳಿದ ಭಾಗಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಒಳಮಾಳಿಗೆಯ ಹಸಿ ಗಾರೆಯಲ್ಲಿ ಚುಕ್ಕೆಗಳನ್ನು ಚುಚ್ಚಿ, ಅವುಗಳ ಜಾಡಿನಲ್ಲಿ ಬಣ್ಣದ ಬಳ್ಳಿವಿನ್ಯಾಸಗಳನ್ನು ತುಂಬಿದರು; ರಂಗೋಲಿ ಹಾಕಿ ಬಲ್ಲ ಕೈಗಳಿಗೆ ಆ ಉಪಾಯವನ್ನು ವಿವರಿಸಬೇಕಾಗಿಲ್ಲ. ಸ್ನೇಹಿತರು ವಾರಾಂತ್ಯಗಳಲ್ಲಿ ಬಂದು ಕುಂಚ ಹಿಡಿಯುತ್ತಿದ್ದರು. ಶಯನಗೃಹದ ಗೋಡೆಯಲ್ಲಿ ಆದಮನೂ ಹವ್ವಳೂ ನೋಹನೂ ಇರುವ ಚಿತ್ರವೊಂದು, ಬಹುಕಾಲ ಮರೆಯಲ್ಲಿದ್ದು, 2013ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಹಲವು ಮಿತ್ರರ ಕೈವಾಡವಿದೆಯೆಂದು ಬಲ್ಲವರ ಅಭಿಪ್ರಾಯ. ಈ ಕೂಡುಕೆಲಸದ ಆನಂದದಿಂದಲೇ 1861ರಲ್ಲಿ ಏಳು ಮಂದಿ ಪಾಲುದಾರರ ‘ಮಾರಿಸ್, ಮಾರ್ಷಲ್, ಫಾಕ್ನರ್ ಅಂಡ್ ಕಂಪೆನಿ’ ಹುಟ್ಟಿತು. ಇಂದು ಮಾರಿಸ್ ಎಂದೊಡನೆ ಲೋಕಕ್ಕೆ ನೆನಪಾಗುವ ಎಲೆಬಳ್ಳಿಗಳ ಗೋಡೆಕಾಗದಗಳಲ್ಲಿ ಒಂದಾದರೂ ಅವನು ಮನೆ ಹೊಕ್ಕಾಗ ಅಸ್ತಿತ್ವದಲ್ಲಿರಲಿಲ್ಲ. ಅವುಗಳಲ್ಲಿ ಮೊಟ್ಟಮೊದಲು ರಚಿತವಾದ ‘ಟ್ರೆಲಿಸ್’ 1862ರದು. ಅದರ ಚೌಕಟ್ಟು ಅದೇ ಮನೆಯ ತೋಟದ ಗುಲಾಬಿ ಹಂದರದಿಂದ ಬಂದದ್ದು, ಅದರ ಹಕ್ಕಿಗಳನ್ನು ಬರೆದವನು ವೆಬ್. ಯಾವುದನ್ನು ನಾವು ಮಾರಿಸನ ಶೈಲಿಯೆಂದು ಕರೆಯುತ್ತೇವೆಯೋ ಅದು ಆ ಮನೆಯಲ್ಲಿ ಎರಡು ವರ್ಷ ಬಾಳಿದ ಮೇಲೆ, ಕಿಟಕಿಯಾಚೆಗೆ ದಿನವೂ ಕಂಡ ಹಂದರದಿಂದ ಮೊಳೆತದ್ದು. ಗೃಹಪ್ರವೇಶಕ್ಕೆ ಮುಂಚೆ ಯಾರಾದರೂ ಅವನ ಅಭಿರುಚಿಯನ್ನು ವಿಚಾರಿಸಿ ಹೆಸರಿಸಿದ್ದರೆ, ಆ ಹೆಸರಿನಲ್ಲಿ ಈ ಕಾಗದಗಳಿಗೆ ಎಡೆಯಿರುತ್ತಿರಲಿಲ್ಲ.

ಇಷ್ಟು ಗುಣಗಳನ್ನು ಹೇಳಿದಮೇಲೆ ದೋಷಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು ದಿಕ್ಕಿನ ದೋಷ. ಮನೆಯ ಪ್ರಮುಖ ಕೋಣೆಗಳು ಉತ್ತರಕ್ಕೆ ಮುಖ ಮಾಡಿವೆ. ಉತ್ತರದ ಬಾಗಿಲನ್ನು ಶುಭವೆಂದು ಬಗೆಯುವ ನಮಗೆ ಇದರಲ್ಲಿ ತಪ್ಪೇನೂ ಕಾಣದಿರಬಹುದು. ನಮ್ಮ ಸೀಮೆಯಲ್ಲಿ ಸೂರ್ಯ ಬಹುಪಾಲು ನೆತ್ತಿಯ ಸನಿಹದಲ್ಲೇ ಸಾಗುವುದರಿಂದ, ಉತ್ತರದ ಬೆಳಕು ಬಿಸಿಲಿನ ಉಗ್ರತೆಯಿಲ್ಲದ ಸೌಮ್ಯವಾದ ಬೆಳಕು. ಆದರೆ ಲಂಡನ್ನಿನ ಅಕ್ಷಾಂಶದಲ್ಲಿ ಚಳಿಗಾಲದ ಸೂರ್ಯನು ದಕ್ಷಿಣದ ದಿಗಂತಕ್ಕೆ ತಗ್ಗಾಗಿ ಹೊರಳುತ್ತಾನೆ. ಉತ್ತರದ ಕೋಣೆಗೆ ತಿಂಗಳುಗಟ್ಟಲೆ ಒಂದು ಕಿರಣವೂ ದೊರೆಯದು. ಅಂಥ ಚಳಿಯ ಮನೆಯನ್ನು ಎಷ್ಟು ಬಣ್ಣದಿಂದ ಸಿಂಗರಿಸಿದರೂ ಅದು ಬೆಚ್ಚಗಾಗಲಾರದು. ಸೇಬಿನ ಮರಗಳ ವಿಷಯದಲ್ಲಿ ಅಷ್ಟು ವಿವೇಕವನ್ನು ತೋರಿದವರು ಸೂರ್ಯನ ವಿಷಯದಲ್ಲಿ ಎಚ್ಚರ ತಪ್ಪಿದ್ದು ಆಶ್ಚರ್ಯ.

ಎರಡನೆಯ ದೋಷ ಕಲ್ಪನೆಗೆ ಸಂಬಂಧಿಸಿದ್ದು. ಮಹಡಿಯ ಆ ದೊಡ್ಡ ಕೋಣೆಯ ಗೋಡೆಗಳ ಮೇಲೆ, ಸರ್ ಡಿಗ್ರೆವಾಂಟ್ ಎಂಬ ಮಧ್ಯಯುಗದ ವೀರನ ಕಥೆಯನ್ನು ಏಳು ಚಿತ್ರಗಳಲ್ಲಿ ಬರೆಯಲು ಬರ್ನ್-ಜೋನ್ಸ್ ಹೊರಟನು, ಮುಗಿದವು ಮೂರು. ಅವುಗಳಲ್ಲಿ ವಿವಾಹದ ಔತಣದ ಚಿತ್ರದಲ್ಲಿ ಮಾರಿಸನೂ ಜೇನಳೂ ವಧೂವರರಾಗಿ, ಕಿರೀಟಧಾರಿಗಳಾಗಿ ಕುಳಿತಿದ್ದಾರೆ. ಗೋಡೆತೆರೆಗಳಿಗೆಂದು ಯೋಜಿಸಿದ ಹನ್ನೆರಡು ಸ್ತ್ರೀಮೂರ್ತಿಗಳ ಕಸೂತಿಯೂ ಪೂರ್ಣವಾಗಲಿಲ್ಲ. ಮದುವೆಯ ಚಿತ್ರವನ್ನು ಗೋಡೆಯ ಮೇಲೆ ಬರೆಯುವುದು ನಮ್ಮ ಮಲೆನಾಡಿಗೂ ಹೊಸತಲ್ಲ. ಸಾಗರ, ಸೊರಬಗಳ ಕಡೆ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಎಳೆ ಎಳೆಯಾಗಿ ಬರೆಯುವ ಹಸೆ ಚಿತ್ತಾರವನ್ನು ಬಲ್ಲವರು ಇವೆರಡಕ್ಕಿರುವ ಅಂತರವನ್ನು ಕಾಣಬಲ್ಲರು. ಹಸೆಯು ಬಾಳುತ್ತಿರುವ ಮನೆಯ ಮಣ್ಣು, ಅಕ್ಕಿ, ನಾರುಗಳಿಂದ ಹುಟ್ಟಿ, ಆ ಮನೆಯ ಶುಭಕಾರ್ಯಕ್ಕೆ ನಿಯತವಾಗಿ ಸಲ್ಲುತ್ತದೆ; ಆದುದರಿಂದ ಅದು ಮುಹೂರ್ತದೊಳಗೆ ಮುಗಿಯಲೇಬೇಕು, ಮುಗಿಯುತ್ತದೆ. ರೆಡ್ ಹೌಸಿನ ಭಿತ್ತಿಚಿತ್ರಗಳಿಗೆ ಅಂಥ ಒತ್ತಾಸೆ ಯಾವುದೂ ಇರಲಿಲ್ಲ. ಪುಸ್ತಕದಲ್ಲಿ ಓದಿದ ಸ್ವಪ್ನವೊಂದನ್ನು ಅವು ಗೋಡೆಗೆ ಇಳಿಸಿದವು, ಉತ್ಸಾಹ ತಗ್ಗಿದಾಗ ನಿಂತುಹೋದವು. ಚಿತ್ರಗಾರಿಕೆಯ ದೃಷ್ಟಿಯಿಂದ ಅವುಗಳಿಗೆ ಬೆಲೆಯುಂಟು. ಗೃಹಾಲಂಕಾರದ ದೃಷ್ಟಿಯಿಂದ ಸಾಮಾನ್ಯ ಸರ್ಜಿನ ಮೇಲಣ ಹೂಗಳೇ ಅವಕ್ಕಿಂತ ಮೇಲು.

ಮನೆಗೆ ತಗುಲಿದ ವೆಚ್ಚ ಸುಮಾರು 4,000 ಪೌಂಡು. ಡೆವನ್ನಿನ ತಾಮ್ರದ ಗಣಿಯಲ್ಲಿ ತಂದೆ ಕೊಂಡಿದ್ದ ಷೇರುಗಳಿಂದ ಮಾರಿಸನಿಗೆ ಪ್ರಾಪ್ತವಯಸ್ಕನಾದಂದಿನಿಂದ ವರ್ಷಕ್ಕೆ 900 ಪೌಂಡಿನಷ್ಟು ಬರುತ್ತಿತ್ತು. ಇಷ್ಟು ಸಿರಿಯೂ ಬಿಡುವೂ ಉಳ್ಳವನ ದೃಷ್ಟಾಂತದಿಂದ, ಬ್ಯಾಂಕಿನ ಸಾಲದ ಕಂತು ಕಟ್ಟುತ್ತ ಮೂವತ್ತು ನಲವತ್ತಡಿಯ ನಿವೇಶನದಲ್ಲಿ ಮನೆಯೆಬ್ಬಿಸುವವನಿಗೆ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ, ಆ ಆಕ್ಷೇಪ ನ್ಯಾಯವಾದುದೇ. ಆದರೆ ಆ ಮನೆಯಲ್ಲಿ ಹಣ ಹೆಚ್ಚಾಗಿ ಸುರಿದ ಕಡೆಗಳಾವುವು, ಗುಣ ಹೆಚ್ಚಾಗಿ ಮೂಡಿದ ಕಡೆಗಳಾವುವು ಎಂದು ನೋಡಿದರೆ, ಅವು ಬೇರೆ ಬೇರೆಯೆಂಬುದು ಗೊತ್ತಾಗುತ್ತದೆ. ಒರಟು ಬಟ್ಟೆ, ಬಿಚ್ಚಿ ನೋಡಿದ ಹಳೆಯ ಹೊಲಿಗೆ, ಬಾಡಿಗೆ ಮನೆಯಿಂದ ತಂದ ಆಸನ, ಗಾರೆಯಲ್ಲಿ ಚುಚ್ಚಿದ ಚುಕ್ಕೆ, ತೋಟದ ಹಂದರ: ಇವುಗಳಲ್ಲಿ ಯಾವುದೂ ಧನಿಕನಿಗೆ ಮಾತ್ರ ಮೀಸಲಾದುದಲ್ಲ. ದೈನಂದಿನ ಅಗತ್ಯಕ್ಕೆ ಕೈಯಾರೆ ಉತ್ತರ ಕೊಟ್ಟಲ್ಲೆಲ್ಲ ಮಾರಿಸನು ಗೆದ್ದನು. ಮನಸ್ಸಿನಲ್ಲಿ ಮೊದಲೇ ನೆಲೆಗೊಂಡಿದ್ದ ಚಿತ್ರವೊಂದಕ್ಕೆ ಮನೆಯನ್ನು ಅಧೀನಗೊಳಿಸಿದಲ್ಲೆಲ್ಲ ಸೋತನು. ಈ ಕೃತಿಯನ್ನು ಕುರಿತು ನಾನು ಮುಖ್ಯವಾಗಿ ಹೇಳತಕ್ಕದ್ದು ಇದೇ.

ಐದು ವರ್ಷಗಳಲ್ಲಿ ಆ ಮನೆ ಅವನ ಕೈಬಿಟ್ಟಿತು. 1864ರಲ್ಲಿ ಅವನಿಗೆ ಬಂದ ವಾತಜ್ವರ, ಲಂಡನ್ನಿನ ಕಾರ್ಯಾಗಾರಕ್ಕೆ ದಿನವೂ ಮಾಡಬೇಕಾಗಿದ್ದ ಪ್ರಯಾಣ, ಬರ್ನ್-ಜೋನ್ಸನ ಕುಟುಂಬವೂ ಒಟ್ಟಿಗೆ ಬಂದು ನೆಲೆಸಬೇಕೆಂದಿದ್ದ ಯೋಜನೆಯ ಭಂಗ, ಇವೆಲ್ಲವೂ ಸೇರಿ, 1865ರಲ್ಲಿ ಅವನು ಸಂಸಾರ ಸಮೇತ ಲಂಡನ್ನಿಗೆ ಹಿಂದಿರುಗಿದನು. ಹಾಗೆಂದು ಮನೆ ನಿಷ್ಫಲವಾಯಿತೆನ್ನಲಾಗದು. ಬಟ್ಟೆಗೆ ಬಣ್ಣ ಕಟ್ಟುವುದು, ನೇಯುವುದು, ಕಾಗದಕ್ಕೆ ಅಚ್ಚೊತ್ತುವುದು ಎಂದು ಮುಂದಿನ ಮೂವತ್ತು ವರ್ಷಗಳ ಅವನ ಸಾಧನೆಗೆಲ್ಲ ಅಲ್ಲಿ ಕಲಿತದ್ದೇ ಅಡಿಗಲ್ಲು. ಉಪಯೋಗವಾಗಲಿ ಸೌಂದರ್ಯವಾಗಲಿ ಇದೆಯೆಂದು ನಮಗೆ ದೃಢವಾಗದ ವಸ್ತುವಿಗೆ ಮನೆಯಲ್ಲಿ ಎಡೆ ಕೊಡಬಾರದೆಂದು 1880ರ ಬರ್ಮಿಂಗ್‌ಹ್ಯಾಮ್ ಉಪನ್ಯಾಸದಲ್ಲಿ ಅವನು ಬೋಧಿಸಿದ್ದು, ಮೊದಲ ಮನೆಯಲ್ಲಿ ಅತಿಯನ್ನೂ ಹಿತವನ್ನೂ ಎರಡನ್ನೂ ಉಂಡ ಅನುಭವದ ಬಲದಿಂದ.

ಹೀಗಿರುವುದರಿಂದ, ಅಭಿರುಚಿಯನ್ನು ಮೊದಲು ಆರಿಸಿ ಆಮೇಲೆ ಮನೆಯನ್ನು ಹೊಗುವ ನಮ್ಮ ಇಂದಿನ ಪದ್ಧತಿ ಕ್ರಮವನ್ನು ತಲೆಕೆಳಗು ಮಾಡಿದೆಯೆಂದು ಹೇಳದೆ ವಿಧಿಯಿಲ್ಲ. ಮತ್ತೆ ತಿದ್ದಲಾಗದ ಅಂಶಗಳನ್ನು, ಎಂದರೆ ಗಾಳಿ ಬೆಳಕುಗಳ ದಿಕ್ಕು, ಕಿಟಕಿಗಳ ಎತ್ತರ, ನೆಲದ ಹಾಸು, ನೀರಿನ ಹರಿವು, ಇವನ್ನು ಕಟ್ಟುವಾಗಲೇ ಪೂರ್ಣ ವಿಚಾರದಿಂದ ನಿಶ್ಚಯಿಸತಕ್ಕದ್ದು. ರೆಡ್ ಹೌಸಿನ ಚಳಿ ಅದಕ್ಕೆ ಸಾಕ್ಷಿ. ತಿದ್ದಲಾಗುವಂಥವನ್ನು, ಎಂದರೆ ಗೋಡೆಯ ಬಣ್ಣ, ಪರದೆ, ಕಪಾಟು, ಚಿತ್ರ, ದೀಪಗಳನ್ನು, ಒಂದು ಮಳೆಗಾಲವೂ ಒಂದು ಬೇಸಗೆಯೂ ಆ ಮನೆಯಲ್ಲಿ ಕಳೆಯುವ ತನಕ ತಡೆದಿಟ್ಟರೆ ನಷ್ಟವೇನೂ ಇಲ್ಲ. ಸಂಜೆಯ ಹೊತ್ತು ಮನೆಮಂದಿ ತಾವಾಗಿ ಯಾವ ಮೂಲೆಯಲ್ಲಿ ಸೇರುತ್ತಾರೆ, ಅಮ್ಮ ಸೊಪ್ಪು ಬಿಡಿಸಲು ಎಲ್ಲಿ ಕೂರುತ್ತಾರೆ, ಮಕ್ಕಳು ಪುಸ್ತಕ ಹರಡಿಕೊಳ್ಳುವುದು ಯಾವ ಕಿಟಕಿಯ ಕೆಳಗೆ ಎಂಬುದನ್ನು ಯಾವ ಚಿತ್ರಸಂಪುಟವೂ ಮುಂಚಿತವಾಗಿ ಹೇಳಲಾರದು. ಅಲಂಕಾರಕ್ಕೆ ಯೋಗ್ಯವಾದ ಸ್ಥಳಗಳು ಆ ಮೂಲೆಗಳೇ. ಅಲ್ಲಿಗೆ ಏನು ಬೇಕೆಂದು ವಿಚಾರಿಸಿ, ಮನೆಯಲ್ಲಿರುವುದನ್ನು ತಿದ್ದಿ, ಇಲ್ಲದುದನ್ನು ಬಡಗಿಯಿಂದ ಮಾಡಿಸಿ, ಸಾಧ್ಯವಾದರೆ ಒಂದೆರಡನ್ನು ತಾವೇ ಮಾಡಿಕೊಂಡವರಿಗೆ ತಮ್ಮ ಶೈಲಿ ಯಾವುದೆಂದು ಯಾರನ್ನೂ ಕೇಳಬೇಕಾದ ಪ್ರಮೇಯ ಬಾರದು. ಡಿಸೈನರ ನೆರವು ಅನಗತ್ಯವೆಂದು ಇದರ ಅರ್ಥವಲ್ಲ. ಮಾರಿಸನಿಗೂ ವೆಬ್ ಇದ್ದನು. ಆದರೆ ವೆಬ್ಬನು ಶೈಲಿಗಳ ಪಟ್ಟಿಯನ್ನು ಹಿಡಿದು ಬರಲಿಲ್ಲ. ಹಳೆಯ ಆಸನವೊಂದನ್ನು ಕಣ್ಣಾರೆ ನೋಡಿ, ಅದಕ್ಕೆ ಏಣಿಯನ್ನು ಕೂಡಿಸುವ ತಾಳ್ಮೆಯನ್ನು ಹೊಂದಿದ್ದನು. ಮೊದಲ ಮನೆಯನ್ನು ಕಟ್ಟಿಸುವವರು ತಮ್ಮ ವಾಸ್ತುಶಿಲ್ಪಿಯಿಂದ ನಿರೀಕ್ಷಿಸಬೇಕಾದದ್ದು ಅಂಥ ತಾಳ್ಮೆಯನ್ನು. ತಮ್ಮಿಂದ ತಾವು ನಿರೀಕ್ಷಿಸಬೇಕಾದದ್ದೂ ಅದನ್ನೇ.