ಸುಡುನುಡಿಯೂ ಖಾರದ ನುಡಿಯೂ

ಒಂದು ಭಾಷೆಯ ಬೈಗುಳವನ್ನು ಮತ್ತೊಂದು ಭಾಷೆಗೆ ತಿರುಗಿಸುವುದು ಅಷ್ಟೇನೂ ಕಷ್ಟವಲ್ಲ. ಬೈಯದೆಯೇ ಸುಡುವ ಮಾತಿಗೆ ಆ ಭಾಷೆಯಲ್ಲಿರುವ ಹೆಸರನ್ನು ತಿರುಗಿಸುವುದು ಕಷ್ಟ. ಇಂಗ್ಲಿಷಿನ ‘ಸ್ಕೇದಿಂಗ್’ ಎಂಬ ವಿಶೇಷಣವು ಇಂಥದು. ಅತಿನಿಷ್ಠುರವಾದ ವಿಮರ್ಶೆಗೆ ಆ ನಾಡಿನ ಪತ್ರಿಕೆಗಳು ಹಚ್ಚುವ ಈ ಮಾತಿನ ಮೂಲವು, ಹಾನಿಯೆಂಬ ಅರ್ಥವುಳ್ಳ ಪ್ರಾಚೀನ ನಾರ್ಸ್ ಭಾಷೆಯ ಶಬ್ದ. ಕಾಲಕ್ರಮದಲ್ಲಿ ಅದಕ್ಕೆ ಬೆಂಕಿಯ ಅರ್ಥವೂ ಕೂಡಿತು. 17ನೆಯ ಶತಮಾನದಲ್ಲಿ ಮಿಲ್ಟನ್ ಕವಿಯು ಆಕಾಶದ ಬೆಂಕಿ ಬಡಿದ ಮರಗಳ ವಿಷಯದಲ್ಲಿ ಇದೇ ಧಾತುವನ್ನು ಪ್ರಯೋಗಿಸಿದನು. ಆದುದರಿಂದ ಈ ಶಬ್ದದ ಚಿತ್ರದಲ್ಲಿ ವಿಮರ್ಶಕನು ಮೇಲಿನಿಂದ ಎರಗುವ ಸಿಡಿಲು. ವಿಮರ್ಶೆಗೆ ಗುರಿಯಾದವನು ನಿಂತಲ್ಲಿಯೇ ಕರಕಾಗುವ ಮರ. ಸಿಡಿಲು ಕಾರಣವನ್ನು ಹೇಳುವುದಿಲ್ಲ. ಮರವು ಅದನ್ನು ಕೇಳುವುದೂ ಇಲ್ಲ.

ಇಂಡೋನೇಷ್ಯದ ಭಾಷೆಗೆ ಈ ಶಬ್ದವನ್ನು ತರಹೊರಟವನು ಮೊದಲ ಹೆಜ್ಜೆಯಲ್ಲಿಯೇ ನಿಲ್ಲಬೇಕಾಗುವುದು. 1928ರ ಯುವಜನರ ಪ್ರತಿಜ್ಞೆಯಲ್ಲಿ ಐಕ್ಯದ ನುಡಿಯೆಂದು ಹೊಸ ಹೆಸರನ್ನು ಪಡೆದ ಮಲಯ ಭಾಷೆಯೇ ಅದು. ವಿಮರ್ಶೆಗೆ ಅದು ‘ಕ್ರಿತಿಕ್’ ಎಂಬ ಮಾತನ್ನು ಡಚ್ಚರಿಂದ ಪಡೆಯಿತು. ಅದರ ತೀಕ್ಷ್ಣತೆಯನ್ನು ಹೇಳುವ ಮಾತುಗಳನ್ನು ಮಾತ್ರ ತನ್ನ ಮನೆಯಿಂದಲೇ ತೆಗೆದಿತು. ‘ಪೆದಸ್’ ಎಂದರೆ ಖಾರ, ‘ತಜಮ್’ ಎಂದರೆ ಹರಿತ, ‘ಕೆರಸ್’ ಎಂದರೆ ಗಡಸು. ಇವಲ್ಲದೆ ಬಹಿರಂಗವಾದ ಖಂಡನೆಗೆ ‘ಕೆಚಮನ್’ ಎಂಬ ಮಾತೂ, ಕುಂದೆತ್ತಿ ಆಡುವುದಕ್ಕೆ ‘ಚೆಲಾಅನ್’ ಎಂಬ ಮಾತೂ, ಬರಿಯ ಬೈಗುಳಕ್ಕೆ ‘ಚಚಿಯನ್’ ಎಂಬ ಮಾತೂ ಉಂಟು. ಇಂಗ್ಲಿಷಿನ ಒಂದೇ ಶಬ್ದವು ಇವುಗಳಲ್ಲಿ ಹಲವನ್ನು ತನ್ನ ಹೊಗೆಯಲ್ಲಿ ಮುಚ್ಚಿಕೊಳ್ಳುವುದು. ಭಾಷಾಂತರಕಾರನಾದರೋ ಆರಿಸಲೇಬೇಕು, ತಪ್ಪಿ ಆರಿಸಿದರೆ ವಿಮರ್ಶಕನು ಬೈಗುಳಗಾರನಾಗಿಬಿಡುವನು.

ರೂಢಿಯಲ್ಲಿ ಹೆಚ್ಚಾಗಿ ನಿಲ್ಲುವುದು ‘ಕ್ರಿತಿಕ್ ಪೆದಸ್’, ಎಂದರೆ ಖಾರವಾದ ವಿಮರ್ಶೆ. ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ತೋರದು. ಖಾರವಾದ ಮಾತು ಇಲ್ಲಿಯೂ ಉಂಟು. ಮೆಣಸಿನಕಾಯಿಯು 16ನೆಯ ಶತಮಾನದಿಂದೀಚೆಗೆ ಐರೋಪ್ಯರ ಹಡಗುಗಳ ದೆಸೆಯಿಂದ ಅಮೆರಿಕದಿಂದ ಬಂದ ಪದಾರ್ಥ. ಕನ್ನಡವು ಕರಿಮೆಣಸಿನ ಹೆಸರನ್ನೇ ಅದಕ್ಕೆ ಹಚ್ಚಿತು. ಜಾವಾದಲ್ಲಿ ಹಿಪ್ಪಲಿಯ ಜಾತಿಗೆ ಸಲ್ಲುತ್ತಿದ್ದ ‘ಚಬೆ’ ಎಂಬ ಹೆಸರು ಅದಕ್ಕೆ ಸಂದಿತು. ಕಾಯಿ ಹೊಸತಾದರೂ ಖಾರದ ಅನುಭವವು ಹಳೆಯದು. ಖಾರವು ಸುಡುವುದು ನಿಜ. ಆದರೆ ಅದು ಊಟದ ಒಂದು ಭಾಗ, ನಾಲಗೆಯು ಬೇಡಿ ತರಿಸಿಕೊಳ್ಳುವ ಉರಿ. ಸಿಡಿಲನ್ನು ಯಾರೂ ಬೇಡುವುದಿಲ್ಲ. ಇನ್ನೂ ಒಂದು ವಿಶೇಷವುಂಟು. ಮೆಣಸಿನಕಾಯಿಯನ್ನು ತಿಂದವನಿಗೇ ಖಾರ ಹತ್ತುವುದೆಂದು ಮಲಯರ ಗಾದೆ. ಉಪ್ಪು ತಿಂದವನು ನೀರು ಕುಡಿಯಬೇಕೆಂಬ ನಮ್ಮ ಗಾದೆಗೆ ಅದು ಒಡಹುಟ್ಟು. ಟೀಕೆಯ ಉರಿ ಯಾರಿಗೆ ತಾಕಿತೋ ತಪ್ಪು ಅವರದೆಂಬ ಸೂಚನೆ ಅದರಲ್ಲಿದೆ. ಇಂಗ್ಲಿಷ್ ಶಬ್ದವು ಸುಡುವವನ ಬಲವನ್ನು ಹೇಳಿದರೆ, ‘ಪೆದಸ್’ ಎಂಬುದು ಉರಿಪಟ್ಟವನ ಅಂತರಂಗವನ್ನು ಹೇಳುವುದು.

ಈ ಭೇದವು ಬರಿಯ ಶಬ್ದವಿಲಾಸವಲ್ಲವೆಂಬುದಕ್ಕೆ 1913ರ ಒಂದು ಲೇಖನವೇ ಸಾಕ್ಷಿ. ಫ್ರಾನ್ಸಿನ ಆಳ್ವಿಕೆಯಿಂದ ಹಾಲೆಂಡು ಬಿಡುಗಡೆ ಹೊಂದಿ 100 ವರ್ಷಗಳಾದುವೆಂದು, ತಾವು ಆಳುತ್ತಿದ್ದ ದ್ವೀಪಗಳಲ್ಲಿಯೂ ಉತ್ಸವವನ್ನು ನಡೆಸಲು ಡಚ್ಚರು ಹೊರಟಿದ್ದರು. ಆಗ ಸುವರ್ದಿ ಸುರ್ಯನಿಂಗ್ರತ್ ಎಂಬ ತರುಣನು ‘ನಾನೊಬ್ಬ ಡಚ್ಚನಾಗಿದ್ದರೆ’ ಎಂಬ ಲೇಖನವನ್ನು ಡಚ್ ಭಾಷೆಯಲ್ಲಿಯೇ ಬರೆದನು. ತಾನು ಡಚ್ಚನಾಗಿದ್ದರೆ, ಸ್ವಾತಂತ್ರ್ಯವನ್ನು ಕಳೆದುಕೊಂಡ ಜನರ ನೆಲದಲ್ಲಿ ತನ್ನ ಸ್ವಾತಂತ್ರ್ಯದ ಹಬ್ಬವನ್ನು ಆಚರಿಸುತ್ತಿರಲಿಲ್ಲವೆಂಬುದು ಅದರ ಸಾರ. ಅಬ್ದುಲ್ ಮುಯಿಸನು ಅದನ್ನು ಮಲಯಕ್ಕೆ ತಿರುಗಿಸಿದನು. ಆಳುವವರ ನಡುವೆ ಓಡಾಡಿದ ಮಾತು ಆಳಿಸಿಕೊಳ್ಳುವವರ ಕಿವಿಗೂ ಬಿತ್ತು. ಸರಕಾರವು ಸುವರ್ದಿಯನ್ನೂ ಅವನ ಇಬ್ಬರು ಸಂಗಾತಿಗಳನ್ನೂ ಗಡೀಪಾರು ಮಾಡಿತು. ಮುಂದೆ ಕಿ ಹಜರ್ ದೇವಾಂತರ ಎಂಬ ಹೆಸರಿನಿಂದ ಪ್ರಸಿದ್ಧನಾಗಿ, 1922ರಲ್ಲಿ ಯೋಗ್ಯಕರ್ತದಲ್ಲಿ ‘ತಮನ್ ಸಿಸ್ವ’ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದವನು ಇವನೇ.

ಇಂಗ್ಲಿಷ್ ಬಲ್ಲವನು ಈ ಲೇಖನವನ್ನು ನಿಸ್ಸಂದೇಹವಾಗಿ ‘ಸ್ಕೇದಿಂಗ್’ ಎನ್ನುವನು. ಇಂಡೋನೇಷ್ಯದ ನುಡಿಯಲ್ಲಿ ಇದನ್ನು ಏನೆನ್ನಬೇಕು? ‘ಚಚಿಯನ್’ ಎನ್ನಲಾಗದು, ಇದರ ಬಲವಿರುವುದು ಬೈಗುಳದಲ್ಲಿ ಅಲ್ಲ. ‘ಕೆರಸ್’ ಎನ್ನಲಾಗದು, ಮಾತಿನ ಮೇಲ್ಮೈ ಮೃದುವಾದುದು. ‘ಕೆಚಮನ್’ ಎಂದರೂ ಸಾಲದು. ಖಂಡನೆಯು ಎದುರು ನಿಂತು ಆಡುವ ಮಾತು, ಇಲ್ಲಿಯೋ ಲೇಖಕನು ಎದುರಾಳಿಯ ಅಂಗಿಯನ್ನೇ ತೊಟ್ಟು ಮಾತಾಡಿದ್ದಾನೆ. ವ್ಯಂಗ್ಯೋಕ್ತಿಗೆ ಆ ಭಾಷೆಯಲ್ಲಿ ‘ಸಿಂದಿರನ್’ ಎಂಬ ಮಾತಿದೆ. ‘ತಜಮ್’ ಸೇರಿದರೆ ಲೇಖನದ ರೀತಿಯನ್ನು ಅದು ಚೆನ್ನಾಗಿ ಹೇಳುವುದು. ಆದರೆ ಅದರ ಪರಿಣಾಮವನ್ನು ಹೇಳತಕ್ಕ ಮಾತು ‘ಪೆದಸ್’ ಒಂದೇ. ಗಡೀಪಾರಿನ ಆಜ್ಞೆಯಿಂದ ಸರಕಾರವು ಮೆಣಸಿನಕಾಯಿಯನ್ನು ತಿಂದವರು ಯಾರೆಂಬುದನ್ನು ತಾನೇ ಸಾರಿತು.

ಈ ಮಾತಿನಲ್ಲಿ ಕೊರತೆಯಿಲ್ಲವೆಂದಲ್ಲ. ಖಾರವು ಗಳಿಗೆಯೊಳಗೆ ಇಳಿಯುವುದು. ಸುಟ್ಟ ಮರವು ಚಿಗುರದೆ ಹೋಗಬಹುದು. ಗ್ರಂಥವೊಂದನ್ನು ನಿರ್ನಾಮಮಾಡಿದ ವಿಮರ್ಶೆಗೆ ‘ಪೆದಸ್’ ಎಂಬುದು ಸಪ್ಪೆಯಾಗುವುದು. ಅಲ್ಲಿ ವಿಮರ್ಶೆಯ ರೀತಿಯನ್ನೇ ನೋಡಿ ಬೇರೆ ಮಾತನ್ನು ಹುಡುಕತಕ್ಕದ್ದು. ನಿಘಂಟು ಶಬ್ದಕ್ಕೆ ಶಬ್ದವನ್ನು ಕೊಡಬಲ್ಲದು. ಕಾರಣವಿಟ್ಟು ಕೃತಿಯನ್ನು ತೂಗಿದ ಮಾತು ಯಾವುದು, ಕರ್ತೃವನ್ನು ಹೊಡೆದ ಮಾತು ಯಾವುದು ಎಂಬ ವಿವೇಕವನ್ನು ಅದು ಕೊಡಲಾರದು. ಎರಡನೆಯದಕ್ಕೆ ವಿಮರ್ಶೆಯೆಂಬ ಹೆಸರೇ ಸಲ್ಲದು; ಅದನ್ನು ಬೈಗುಳವೆಂದೇ ತಿರುಗಿಸುವುದು ಮೂಲಕ್ಕೆ ತೋರುವ ನಿಷ್ಠೆ.