ಮುಖಪುಟದ ಹುಡುಗ ಯಾರು?

ಹೋದ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಚಟುವಟಿಕೆ ಕೊಟ್ಟಿದ್ದೆ. ಸಂಗೀತ ಪತ್ರಿಕೆಗಳ ಆರು ಮುಖಪುಟಗಳನ್ನು ಪ್ರಿಂಟ್ ತೆಗೆಸಿ, ಪತ್ರಿಕೆಯ ಹೆಸರೊಂದನ್ನು ಬಿಟ್ಟು ಉಳಿದ ಅಕ್ಷರಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸಿದ್ದೆ. ಪ್ರಶ್ನೆ ಒಂದೇ: ಇವರು ಯಾರಿರಬಹುದು, ಹೇಗೆ ಗೊತ್ತಾಯ್ತು? ನಮ್ಮದು ಮುಂಬೈಯ ಉರ್ದು ಮಾಧ್ಯಮದ ಶಾಲೆ. ಇಂಗ್ಲಿಷ್ ಪತ್ರಿಕೆ ಕೊಂಡು ಓದುವ ಮನೆಗಳಿಂದ ಬಂದ ಮಕ್ಕಳಲ್ಲ. ಆದರೂ ಚಿತ್ರ ಓದೋದ್ರಲ್ಲಿ ನನಗಿಂತ ಚುರುಕು. ಗಿಟಾರ್ ಹಿಡಿದವನು ರಾಕ್ ಹಾಡುವವನು, ಸರ ಹಾಕಿಕೊಂಡವನು ರ‍್ಯಾಪರ್, ಕಣ್ಣು ಮುಚ್ಚಿಕೊಂಡವಳು ದುಃಖದ ಹಾಡು ಹೇಳುವವಳು. ಐದನೆಯ ಮುಖಪುಟಕ್ಕೆ ಬಂದಾಗ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಯೇ ಕೌನ್‌ಸೇ ಬ್ಯಾಂಡ್ ಕಾ ಹೈ?" ಯಾವ ಬ್ಯಾಂಡಿನವನು ಎಂಬುದಷ್ಟೇ ಅವಳ ಅನುಮಾನ. ಹಾಡುಗಾರ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಅದು 'ರೋಲಿಂಗ್ ಸ್ಟೋನ್' ಪತ್ರಿಕೆಯ 2013ರ ಆಗಸ್ಟ್ ಸಂಚಿಕೆ. ಕೆದರಿದ ಗುಂಗುರು ಕೂದಲು, ಸ್ವಲ್ಪ ಬೆಳೆದ ಗಡ್ಡ, ಟೀ ಶರ್ಟು, ನೇರವಾಗಿ ನಿಮ್ಮನ್ನೇ ನೋಡುವ ಕಣ್ಣು. ಆ ಹುಡುಗನ ಹೆಸರು ಜೋಖರ್ ಸಾರ್ನಾಯೆವ್. ಅದೇ ವರ್ಷ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯ ಗೆರೆಯ ಹತ್ತಿರ ಅಣ್ಣನ ಜೊತೆ ಸೇರಿ ಬಾಂಬ್ ಇಟ್ಟವನು. ಮೂವರು ಸತ್ತರು, ಅವರಲ್ಲಿ ಒಬ್ಬ 8 ವರ್ಷದ ಹುಡುಗ. ನೂರಾರು ಮಂದಿಗೆ ಗಾಯವಾಯಿತು, ಕೈಕಾಲು ಕಳೆದುಕೊಂಡವರೂ ಇದ್ದರು. ಆಗ ಇವನಿಗೆ 19 ವರ್ಷ.

ಕಾಗದ ಕಿತ್ತು ತೋರಿಸಿದಾಗ ಕ್ಲಾಸು ಸುಮ್ಮನಾಯಿತು. ಆ ಮೌನದಲ್ಲಿ ಬರೀ ಆಶ್ಚರ್ಯ ಇರಲಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಹೆಸರು ಕೇಳುವ ಮೊದಲೇ ಎದೆ ಡವಡವ ಅನ್ನುವ ಮನೆಗಳ ಮಕ್ಕಳು ಅವರು. ಅವರಿಗೆ ಈ ಚಿತ್ರ ತೋರಿಸಬೇಕಿತ್ತೇ ಎಂದು ಆಮೇಲೆ ಬಹಳ ಯೋಚಿಸಿದೆ. ತೋರಿಸಿದ್ದು ಸರಿಯೇ ಎಂದು ಈಗ ಅನ್ನಿಸುತ್ತದೆ, ಆದರೆ ಪೂರ್ತಿ ಖಾತ್ರಿ ಇಲ್ಲ. ಅವತ್ತು ಅವರಿಗೆ ಅರ್ಧ ಮಾತ್ರ ಹೇಳಲು ಸಾಧ್ಯವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಯ ಪುಟ ಹೇಗೆ ಮಾತಾಡುತ್ತದೆ, ಒಳಗಿನ ಬರಹ ಹೇಳುವುದಕ್ಕಿಂತ ಬೇರೆಯದನ್ನೇ ಹೇಗೆ ಹೇಳಿಬಿಡುತ್ತದೆ ಎಂಬ ವಿಷಯ.

ಮೊದಲು ಈ ಪತ್ರಿಕೆಯ ಹುಟ್ಟು ನೋಡಬೇಕು. 1967ರ ನವೆಂಬರ್ 9ರ ದಿನಾಂಕದ ಮೊದಲ ಸಂಚಿಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಂತು. ಮುಖಪುಟದಲ್ಲಿ ಜಾನ್ ಲೆನನ್, ಸಿನಿಮಾವೊಂದರ ಸಿಪಾಯಿ ವೇಷದಲ್ಲಿ. ಅದು ಹಿಪ್ಪಿಗಳ ಕಾಲ, ಹಿಪ್ಪಿಗಳ ಊರು. ಅದೇ ಊರಿನ 'ಒರಾಕಲ್' ಪತ್ರಿಕೆ ಕಾಮನಬಿಲ್ಲಿನ ಬಣ್ಣಗಳನ್ನೆಲ್ಲ ಪುಟದ ಮೇಲೆ ಚೆಲ್ಲುತ್ತಿತ್ತು, ಅಕ್ಷರಗಳು ಹೊಗೆಯ ಹಾಗೆ ತೇಲುತ್ತಿದ್ದವು. ಇಂಥ ಜಾಗದಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ ಹೇಗಿತ್ತು ಗೊತ್ತೇ? ಗಂಭೀರ ದಿನಪತ್ರಿಕೆಯ ಹಾಗಿತ್ತು! ಅಗ್ಗದ ನ್ಯೂಸ್‌ಪ್ರಿಂಟ್, ಟೈಮ್ಸ್ ರೋಮನ್ ಅಕ್ಷರ, ಅಚ್ಚುಕಟ್ಟಾದ ಕಾಲಂಗಳು, ಒಂದು ದಪ್ಪ ಒಂದು ತೆಳು ಗೆರೆಯ ಚೌಕಟ್ಟು. ಸಂಪಾದಕ ಜಾನ್ ವೆನ್ನರ್ ಅದಕ್ಕೂ ಮೊದಲು 'ಸಂಡೇ ರಾಂಪಾರ್ಟ್ಸ್' ಎಂಬ ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಅದು ನಿಂತುಹೋದಾಗ ಅದರ ಪುಟವಿನ್ಯಾಸವನ್ನೇ ಹೆಚ್ಚುಕಡಿಮೆ ಎತ್ತಿಕೊಂಡರು.

ಕೈಯಲ್ಲಿ ದುಡ್ಡಿರಲಿಲ್ಲ, ಸಿದ್ಧ ವಿನ್ಯಾಸ ಸಿಕ್ಕಿತು, ತೆಗೆದುಕೊಂಡರು ಅನ್ನಬಹುದು. ಆದರೆ ಪರಿಣಾಮ ದೊಡ್ಡದಾಯಿತು. ಅಲ್ಲಿಯವರೆಗೆ ಪಾಪ್ ಸಂಗೀತವೆಂದರೆ ಹದಿಹರೆಯದವರ ಹುಚ್ಚು, ಅದರ ಪತ್ರಿಕೆಗಳೆಂದರೆ ನಟ ಗಾಯಕರ ನಗುಮುಖದ ಫೋಟೊ. ಈಗ ಅದೇ ಗಾಯಕನ ಬಗ್ಗೆ ಮಂತ್ರಿಯ ಬಗ್ಗೆ ಬರೆದ ಹಾಗೆ, ಅದೇ ಅಕ್ಷರದಲ್ಲಿ, ಅದೇ ಗೆರೆಯೊಳಗೆ ಅಚ್ಚಾಯಿತು. ಪುಟವೇ ಹೇಳಿತು: ಇದು ಸುದ್ದಿ, ಸೀರಿಯಸ್ ಆಗಿ ಓದಿ. ಮರ್ಯಾದೆ ಕೊಡುವುದು ಬರೀ ಬಹುವಚನದಿಂದಲ್ಲ, ಕೂರಿಸುವ ಜಾಗದಿಂದಲೂ ಆಗುತ್ತದಲ್ಲ, ಹಾಗೆ.

ಒಂದು ಕಡೆ ಮಾತ್ರ ಕೈ ಸಡಿಲ ಬಿಟ್ಟಿದ್ದರು, ಪತ್ರಿಕೆಯ ಹೆಸರಿನಲ್ಲಿ. ಅದನ್ನು ಬರೆದದ್ದು ರಿಕ್ ಗ್ರಿಫಿನ್ ಎಂಬ ಪೋಸ್ಟರ್ ಕಲಾವಿದ. ಅವರು ಇನ್ನೂ ತಿದ್ದಬೇಕು ಎಂದುಕೊಂಡಿದ್ದ ಕರಡನ್ನೇ ವೆನ್ನರ್ ಅಚ್ಚಿಗೆ ಕಳಿಸಿದರಂತೆ. ಬಾಲ ಬಳುಕುವ, ಕೊಕ್ಕೆ ಹಾಕಿಕೊಂಡ ಆ ಅಕ್ಷರಗಳನ್ನು ನೋಡಿದರೆ ನನಗೆ ನೆನಪಾಗುವುದು ನಮ್ಮ ಕಾತಿಬರು. ಉರ್ದು ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1981ರಲ್ಲಿ ನೂರಿ ನಸ್ತಾಲೀಕ್ ಬಂದು ಕಂಪ್ಯೂಟರಿನಲ್ಲಿ ಉರ್ದು ಜೋಡಿಸಲು ಸಾಧ್ಯವಾಗುವವರೆಗೆ ನಮ್ಮ ಪತ್ರಿಕೆಗಳೆಲ್ಲ ಕೈಬರಹವೇ. ಚೆನ್ನೈನಲ್ಲಿ 1927ರಲ್ಲಿ ಶುರುವಾದ 'ಮುಸಲ್ಮಾನ್' ಪತ್ರಿಕೆಯಂತೂ ಕಂಪ್ಯೂಟರ್ ಬಂದು ದಶಕಗಳಾದ ಮೇಲೂ ಕಾತಿಬರ ಕೈಯಲ್ಲೇ ನಡೆದುಬಂತು. ಪುಟದ ಮೇಲೆ ಒಬ್ಬ ಮನುಷ್ಯನ ಕೈ ಓಡಾಡಿದ ಗುರುತು ಇದ್ದರೆ ಆ ಪುಟಕ್ಕೆ ಬೇರೆ ಬಿಸಿ ಇರುತ್ತದೆ. ರೋಲಿಂಗ್ ಸ್ಟೋನ್ ತನ್ನ ಹೆಸರನ್ನು ಎಷ್ಟೋ ಸಲ ತಿದ್ದಿದೆ, ಆದರೆ ಗ್ರಿಫಿನ್ ಅವರ ಬಳುಕು ಪೂರ್ತಿ ಹೋಗಲಿಲ್ಲ.

ಕಾಲ ಕಳೆದ ಹಾಗೆ ಮುಖಪುಟದ ದಾರಿ ಬೇರೆಯಾಯಿತು. ಒಳಗೆ ದಿನಪತ್ರಿಕೆ, ಹೊರಗೆ ಪೋಸ್ಟರ್. ಒಂದೇ ಮುಖ, ಪುಟದ ತುಂಬ. ತಲೆ ಪತ್ರಿಕೆಯ ಹೆಸರಿನ ಮೇಲೆ ಸ್ವಲ್ಪ ಏರಿ ಒಂದೆರಡು ಅಕ್ಷರಗಳನ್ನು ಮುಚ್ಚಬೇಕು. ಇವನು ಪತ್ರಿಕೆಗಿಂತ ದೊಡ್ಡವನು ಎಂದು ಹೇಳುವ ರೀತಿ ಅದು. ಕಣ್ಣು ಕ್ಯಾಮೆರಾ ಕಡೆ. 1981ರ ಜನವರಿಯ ಸಂಚಿಕೆಯಲ್ಲಿ ಇದು ತುತ್ತತುದಿ ಮುಟ್ಟಿತು. ಲೆನನ್ ಕೊಲೆಯಾದ ದಿನ, ಕೆಲವೇ ಗಂಟೆ ಮೊದಲು, ಆನಿ ಲೀಬೊವಿಟ್ಸ್ ತೆಗೆದ ಫೋಟೊ. ಹೆಂಡತಿ ಯೋಕೊ ಓನೊ ಅವರನ್ನು ಮಗುವಿನ ಹಾಗೆ ತಬ್ಬಿ ಮಲಗಿದ ಲೆನನ್. ಪತ್ರಿಕೆಯ ಹೆಸರು ಬಿಟ್ಟರೆ ಮುಖಪುಟದಲ್ಲಿ ಒಂದು ತಲೆಬರಹವೂ ಇಲ್ಲ. (ಲೆನನ್ ಮೈಮೇಲೆ ಬಟ್ಟೆಯಿಲ್ಲದ ಕಾರಣ ಅದನ್ನು ಕ್ಲಾಸಿಗೆ ಒಯ್ಯಲಿಲ್ಲ. ನೌಕರಿ ಉಳಿಸಿಕೊಳ್ಳಬೇಕಲ್ಲ.) ಅಮೆರಿಕದ ಪತ್ರಿಕಾ ಸಂಪಾದಕರ ಸಂಘ 2005ರಲ್ಲಿ ಅದನ್ನು 40 ವರ್ಷಗಳ ಅತ್ಯುತ್ತಮ ಮುಖಪುಟವೆಂದು ಆರಿಸಿತು. ಮಾತೇ ಬೇಡ, ಮುಖ ಸಾಕು ಎಂಬ ನಂಬಿಕೆಯನ್ನು ಓದುಗರ ಕಣ್ಣಿಗೆ ಅಭ್ಯಾಸ ಮಾಡಿಸಿದ್ದು ಇಂಥ ಪುಟಗಳೇ.

ಈಗ 2013ಕ್ಕೆ ವಾಪಸ್ ಬರೋಣ. ಸಂಚಿಕೆ ಬಂದೊಡನೆ ಅಮೆರಿಕ ಸಿಟ್ಟಿಗೆದ್ದಿತು. ಬಾಸ್ಟನ್ ಮೇಯರ್ ವೆನ್ನರ್ ಅವರಿಗೆ ಪತ್ರ ಬರೆದು, ಭಯೋತ್ಪಾದಕನಿಗೆ ತಾರೆಯ ಮರ್ಯಾದೆ ಕೊಟ್ಟಿದ್ದೀರಿ ಎಂದರು. ದೊಡ್ಡ ದೊಡ್ಡ ಅಂಗಡಿ ಸಮೂಹಗಳು ಆ ಸಂಚಿಕೆ ಮಾರುವುದಿಲ್ಲ ಎಂದವು. ಜಿಮ್ ಮಾರಿಸನ್ ಥರ ತೋರಿಸಿದ್ದಾರೆ, ಬಾಬ್ ಡಿಲನ್ ಥರ ತೋರಿಸಿದ್ದಾರೆ ಎಂದು ಜನ ಬೈದರು. ಇಷ್ಟಾದರೂ ಅಂಗಡಿಗಳಲ್ಲಿ ಎಂದಿಗಿಂತ ಸುಮಾರು ಎರಡು ಪಟ್ಟು ಮಾರಾಟವಾಯಿತು ಎಂದು ವರದಿಯಾಯಿತು.

ಪತ್ರಿಕೆ ಆ ಫೋಟೊವನ್ನು ಸ್ಟುಡಿಯೋದಲ್ಲಿ ತೆಗೆದಿರಲಿಲ್ಲ. ಹುಡುಗ ತಾನೇ ತೆಗೆದುಕೊಂಡು ಇಂಟರ್ನೆಟ್‌ಗೆ ಹಾಕಿದ್ದ ಸೆಲ್ಫಿ ಅದು. ಅದೇ ಫೋಟೊವನ್ನು ಮೇ 5ರಂದು 'ನ್ಯೂಯಾರ್ಕ್ ಟೈಮ್ಸ್' ಮೊದಲ ಪುಟದಲ್ಲೇ ಹಾಕಿತ್ತು. ಆಗ ಇಷ್ಟು ಗಲಾಟೆ ಆಗಲಿಲ್ಲ. ಯಾಕೆ? ಅಲ್ಲಿ ಅದು ಕಾಲಂಗಳ ನಡುವೆ, ಬೇರೆ ಸುದ್ದಿಗಳ ಪಕ್ಕದಲ್ಲಿ ಕೂತ ಒಂದು ಚಿತ್ರ. ಇಲ್ಲಿ ಪುಟವೆಲ್ಲ ಅವನದೇ. 46 ವರ್ಷ ಹಾಡುಗಾರರು ಕೂತ ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದಾರೆ. ನನ್ನ ವಿದ್ಯಾರ್ಥಿನಿ ಬ್ಯಾಂಡಿನ ಹೆಸರು ಕೇಳಿದ್ದು ಹುಡುಗನ ಮುಖ ನೋಡಿಯಲ್ಲ, ಕುರ್ಚಿ ನೋಡಿ.

ಇದೇ ಪತ್ರಿಕೆ 1970ರ ಜೂನ್‌ನಲ್ಲಿ ಕೊಲೆಗಡುಕ ಚಾರ್ಲ್ಸ್ ಮ್ಯಾನ್ಸನ್‌ನನ್ನೂ ಮುಖಪುಟಕ್ಕೆ ಹಾಕಿತ್ತಲ್ಲ ಎಂದು ಕೆಲವರು ವಾದಿಸಿದರು. ಹೌದು. ಆದರೆ ಆಗ ಪತ್ರಿಕೆ ಇನ್ನೂ ನ್ಯೂಸ್‌ಪ್ರಿಂಟಿನಲ್ಲಿತ್ತು, ಮಡಚಿದ ದಿನಪತ್ರಿಕೆಯ ಹಾಗೆ ಕಾಣುತ್ತಿತ್ತು, ಸುದ್ದಿಯ ವಾಸನೆ ಉಳಿದಿತ್ತು. 2013ರ ಹೊತ್ತಿಗೆ ಆ ದೊಡ್ಡ ಆಕಾರವೂ ಹೋಗಿತ್ತು. 2008ರ ಅಕ್ಟೋಬರ್‌ನಲ್ಲಿ ಪತ್ರಿಕೆ ತನ್ನ ಅಗಲ ಬಿಟ್ಟು, ಬೇರೆಲ್ಲ ನುಣುಪು ಕಾಗದದ ಪತ್ರಿಕೆಗಳ ಅಳತೆಗೆ ಇಳಿದಿತ್ತು. ಅಂಗಡಿಯ ಕಟ್ಟೆಯಲ್ಲಿ ಫ್ಯಾಷನ್ ಪತ್ರಿಕೆಗಳ ನಡುವೆ ನಿಂತಾಗ ಈ ಮುಖವನ್ನು ಯಾರಾದರೂ ಬೇರೆ ಹೇಗೆ ಓದಬೇಕಿತ್ತು?

ಇಷ್ಟರ ಮಟ್ಟಿಗೆ ನಾನೂ ಬೈದವರ ಪಕ್ಷವೇ. ಮುಂದಕ್ಕೆ ಅಲ್ಲ. ಎಲ್ಲರೂ ಮೇಲಿನ ಮುಖ ನೋಡಿ ಕೂಗಾಡಿದರು, ಕೆಳಗಿನ ಅಕ್ಷರಗಳ ಬಗ್ಗೆ ನನಗೆ ಕೇಳಿಸಿದ ಮಾತು ತೀರಾ ಕಮ್ಮಿ. ಅಲ್ಲಿ ದೊಡ್ಡದಾಗಿ, 'ಬಾಂಬ್ ಹಾಕಿದವನು' ಎಂಬ ಅರ್ಥದ ತಲೆಬರಹ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಅವನ ಕಥೆಯ ಸಾರ: ಎಲ್ಲರಿಗೂ ಬೇಕಾಗಿದ್ದ ಬುದ್ಧಿವಂತ ವಿದ್ಯಾರ್ಥಿ, ಕುಟುಂಬ ಅವನ ಕೈಬಿಟ್ಟಿತು, ತೀವ್ರವಾದಿ ಇಸ್ಲಾಮಿಗೆ ಬಿದ್ದ, ರಾಕ್ಷಸನಾದ. ಒಂದೇ ವಾಕ್ಯ, ಮೆಟ್ಟಿಲು ಇಳಿದ ಹಾಗೆ. ಪ್ರತಿ ಮೆಟ್ಟಿಲಿಗೂ ಒಂದು ಹೆಸರು, ಕೊನೆಯದಕ್ಕಿಂತ ಮೊದಲಿನ ಮೆಟ್ಟಿಲಿಗೆ ನಮ್ಮ ದೀನಿನ ಹೆಸರು. 'ತೀವ್ರವಾದಿ' ಎಂಬ ವಿಶೇಷಣ ಇದೆ, ಒಪ್ಪಿದೆ. ಆದರೆ ಅಂಗಡಿಯಲ್ಲಿ ಎರಡು ಸೆಕೆಂಡ್ ನೋಡುವವನ ಕಣ್ಣು ವಿಶೇಷಣದ ಮೇಲೆ ನಿಲ್ಲುವುದಿಲ್ಲ, ನಾಮಪದದ ಮೇಲೆ ನಿಲ್ಲುತ್ತದೆ. ವ್ಯಾಕರಣ ಕಲಿಸುವವಳಿಗೆ ಇದು ದಿನಾ ಕಾಣುವ ಸಂಗತಿ.

ಒಳಗೆ ಜ್ಯಾನೆಟ್ ರೈಟ್‌ಮನ್ ಬರೆದ ಲೇಖನ ಹೀಗಿಲ್ಲ. ಅದು ಉದ್ದವಾದದ್ದು, ನಿಧಾನದ್ದು. ಅವನ ಗೆಳೆಯರು, ಅವನ ಕುಸ್ತಿ ಕೋಚು, ಮನೆಯಲ್ಲಿ ಒಬ್ಬೊಬ್ಬರೇ ಚದುರಿಹೋದದ್ದು, ಯಾರಿಗೂ ಏನೂ ಅನುಮಾನ ಬಾರದೇ ಇದ್ದದ್ದು, ಎಲ್ಲ ಇದೆ. ಓದಿ ಮುಗಿಸಿದಾಗ ಕಾರಣ ಸಿಗುವುದಿಲ್ಲ, ಸಂಕಟ ಸಿಗುತ್ತದೆ. ಅಂಥ ಬರಹಕ್ಕೆ ಇಂಥ ಹೊದಿಕೆ! ಮುಖಪುಟದ ಚಿತ್ರ 'ತಾರೆ' ಅಂತು, ಅಕ್ಷರ 'ರಾಕ್ಷಸ' ಅಂತು, ಲೇಖನ ಎರಡನ್ನೂ ಒಪ್ಪಲಿಲ್ಲ. ಮುಖಪುಟ ಮಾಡಿದವರು ಲೇಖನವನ್ನು ಓದಿ ಮರೆತವರ ಹಾಗೆ ಕಾಣುತ್ತಾರೆ.

ಸಂಗೀತ ಪತ್ರಿಕೆಯ ವಿನ್ಯಾಸ ಎಂದೊಡನೆ ವಿದ್ಯಾರ್ಥಿಗಳು ಗೂಗಲ್ ಮಾಡಿದರೆ ಸಿಗುವ ಇನ್ನೊಂದು ಹೆಸರು 'ರೇ ಗನ್'. 1992ರಲ್ಲಿ ಶುರುವಾದ ಈ ಪತ್ರಿಕೆಯ ಕಲಾ ನಿರ್ದೇಶಕ ಡೇವಿಡ್ ಕಾರ್ಸನ್. ಕಾಲಂ ಮುರಿದರು, ಸಾಲಿನ ಮೇಲೆ ಸಾಲು ಹತ್ತಿಸಿದರು. 1994ರಲ್ಲಿ ಬ್ರಯನ್ ಫೆರಿ ಎಂಬ ಗಾಯಕನ ಸಂದರ್ಶನ ಬೋರು ಹೊಡೆಸಿತೆಂದು ಇಡೀ ಲೇಖನವನ್ನು ಡಿಂಗ್‌ಬ್ಯಾಟ್ಸ್‌ನಲ್ಲಿ, ಅಂದರೆ ಅಕ್ಷರಗಳ ಬದಲು ನಕ್ಷತ್ರ, ಬಾಣ, ಹೂವಿನ ಗುರುತುಗಳಲ್ಲಿ ಅಚ್ಚು ಹಾಕಿದರು. ಓದಬಲ್ಲ ಪ್ರತಿ ಹಿಂದಿನ ಪುಟಗಳಲ್ಲಿತ್ತು. ವಿನ್ಯಾಸ ಕಲಿಸುವವರೆಲ್ಲ ಇದನ್ನು ಖುಷಿಯಿಂದ ಹೇಳುತ್ತಾರೆ. ನನಗೂ ನಗು ಬಂತು, ಆಮೇಲೆ ನಿಂತಿತು. ಇಂಗ್ಲಿಷಿನವರಿಗೆ ಆ ತಮಾಷೆ ಸಲ್ಲುತ್ತದೆ, ಅವರ ಲಿಪಿಗೆ ಯಾವ ಭಯವೂ ಇಲ್ಲ. ನಮ್ಮದು ದಿನವೂ ತಾನಾಗಿಯೇ ಡಿಂಗ್‌ಬ್ಯಾಟ್ಸ್ ಆಗುತ್ತಿರುತ್ತದೆ. ಪೋಸ್ಟರುಗಳಲ್ಲಿ, ಆಲ್ಬಂ ಹೊದಿಕೆಗಳಲ್ಲಿ ಉರ್ದುವನ್ನು ನೋಡಿ: ಸಾಫ್ಟ್‌ವೇರ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಕಡಿದು, ಎಡದಿಂದ ಬಲಕ್ಕೆ ತಿರುವಿ ಹಾಕಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಕನ್ನಡದ ಒತ್ತಕ್ಷರವೂ ಅಷ್ಟೇ, ಹೊರರಾಜ್ಯದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಳಗಿಳಿಯದೆ ಪಕ್ಕಕ್ಕೆ ಬಂದು ಕೂತಿರುತ್ತದೆ. ಖವ್ವಾಲಿ ಕ್ಯಾಸೆಟ್ಟುಗಳ ಕಾಲದಲ್ಲಿ ಹಸಿರು ಗುಮ್ಮಟ, ಚಂದ್ರ, ನಾಲ್ಕು ಉರ್ದು ಅಕ್ಷರ ಇದ್ದರೆ ಹೊದಿಕೆ ತಯಾರು. ಅಕ್ಷರ ಅಲ್ಲಿ ಓದುವುದಕ್ಕಿರಲಿಲ್ಲ, ಒಡವೆಯ ಹಾಗೆ ಇಟ್ಟಿದ್ದು. ಹಾಡುವವರ ಮುಖ ಎಷ್ಟೋ ಸಲ ಒಂದು ರೂಪಾಯಿ ನಾಣ್ಯದಷ್ಟು. ಮುಖ ದೊಡ್ಡದಾಗುವುದು ಯಾರದ್ದು, ಯಾವಾಗ ಎಂದು ನಾನು ಲೆಕ್ಕ ಹಾಕಲು ಶುರುಮಾಡಿದ್ದು ಆ ಐದನೆಯ ಪ್ರಿಂಟ್ ನೋಡಿದ ಮೇಲೆ.

ಚಟುವಟಿಕೆಯ ಎರಡನೇ ಭಾಗದಲ್ಲಿ ಮಕ್ಕಳೇ ಮುಖಪುಟ ಮಾಡಬೇಕಿತ್ತು. ಮೊದಲ ಜಗಳ ಪುಟ ಯಾವ ಕಡೆಯಿಂದ ತೆರೆಯಬೇಕು ಎಂದು. ಉರ್ದು ಪತ್ರಿಕೆಯ ಮುಖಪುಟ ಇರುವ ಜಾಗದಲ್ಲಿ ಇಂಗ್ಲಿಷ್ ಪತ್ರಿಕೆಯ ಬೆನ್ನು ಇರುತ್ತದೆ. ಉರ್ದು ಓದಲು ಬಾರದ ಸ್ಟಾಲಿನವರು ನಮ್ಮ ಪತ್ರಿಕೆಯನ್ನು ಜಾಹೀರಾತಿನ ಕಡೆ ಮೇಲೆ ಮಾಡಿ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಅರ್ಧ ಮಂದಿ ಬಲಗಡೆ ಹೊಲಿದರು, ಅರ್ಧ ಎಡಗಡೆ.

ಹೆಚ್ಚಿನ ಹುಡುಗರು ಕುರ್ಲಾದ ರ‍್ಯಾಪರ್ ನೇಝಿಯನ್ನು ಬಿಡಿಸಿದರು, ನಿರೀಕ್ಷೆ ಇದ್ದದ್ದೇ. ಹಿಂದಿನ ಬೆಂಚಿನ ಒಬ್ಬ ಮಾತ್ರ ಮದುವೆ ಬ್ಯಾಂಡಿನಲ್ಲಿ ಬ್ಯಾಂಜೊ ನುಡಿಸುತ್ತಿದ್ದ ತನ್ನ ನಾನಾನ ಫೋಟೊ ಅಂಟಿಸಿದ್ದ. ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಝೆರಾಕ್ಸ್ ಅಂಗಡಿಯಲ್ಲಿ ಪುಟದ ತುಂಬ ಹಿಗ್ಗಿಸಿದ್ದರಿಂದ ಗಡ್ಡವೆಲ್ಲ ಚುಕ್ಕಿಚುಕ್ಕಿ. ಕೆಳಗೆ ಏನು ಬರೆಯಲಿ ಎಂದು ಕೇಳಿದ. ಬ್ಯಾಂಜೊ ಚಿತ್ರದಲ್ಲಿ ಇಲ್ಲ, ಆಮೇಲೆ ಜನ ಬೇರೆ ಏನೋ ಅಂದುಕೊಂಡರೆ? ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಹೆಸರಷ್ಟೇ ಬರಿ, ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಲ್ಲ ಎಂದೆ. ಎರಡು ದಿನ ಬಿಟ್ಟು ತಂದುಕೊಟ್ಟ. ಹೆಸರಿನ ಪಕ್ಕದಲ್ಲಿ, ಯಾವುದಕ್ಕೂ ಇರಲಿ ಅಂತ, ಸ್ಕೆಚ್ ಪೆನ್ನಿನಲ್ಲಿ ಒಂದು ಪುಟ್ಟ ಬ್ಯಾಂಜೊ ಬಿಡಿಸಿದ್ದ.