ಮೂಲಪ್ರತಿ ಎಲ್ಲಿದೆ?

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಕ್ಕೆ ಹೋಗುವ ದಾರಿಯಲ್ಲಿರುವ ಪೆರಿಯನಾಯಕನಪಾಳ್ಯಂನಂಥ ಊರಿನ ಕನ್ನಡ ಮನೆಗಳಿಗೆ ಸುದ್ದಿ ಒಂದೇ ಭಾಷೆಯಲ್ಲಿ ಬರುವುದಿಲ್ಲ. ತಮಿಳು ಪತ್ರಿಕೆ ಊರಿನದು, ಕನ್ನಡದ್ದು ಬೆಂಗಳೂರಿನದು, ಮಲಯಾಳದ್ದು ವಾಳಯಾರಿನ ಆಚೆಯದು. ಇದನ್ನು ಗಡಿನಾಡಿನವರ ಕಷ್ಟವೆಂದು ಹೇಳುವುದು ವಾಡಿಕೆ. ಆದರೆ ಪತ್ರಿಕೆಗಳ ಪಕ್ಷಪಾತವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಅನುಕೂಲ ಇನ್ನೊಂದಿಲ್ಲ. ಕನ್ನಡದಲ್ಲೇ ಬರೆದಿದ್ದ ಕೆಲವು ಹಾಳೆಗಳ ಸುತ್ತ 2019ರಲ್ಲಿ ಎದ್ದ ವಿವಾದವನ್ನು ಈ ದೃಷ್ಟಿಯಿಂದ ನೋಡುವುದು ಉಚಿತ.

ಲೋಕಸಭಾ ಚುನಾವಣೆ ಹತ್ತಿರವಾಗಿದ್ದ ಆ ವರ್ಷದ ಮಾರ್ಚ್ 22ರಂದು ದೆಹಲಿಯ 'ಕ್ಯಾರವಾನ್' ಮಾಸಪತ್ರಿಕೆ ಒಂದು ವರದಿ ಪ್ರಕಟಿಸಿತು. ಬಿ.ಎಸ್. ಯಡಿಯೂರಪ್ಪನವರು ತಮ್ಮ ಪಕ್ಷದ ನಾಯಕರಿಗೆ 1,800 ಕೋಟಿ ರೂಪಾಯಿಗೂ ಹೆಚ್ಚು ಹಣ ಕೊಟ್ಟಂತೆ 2009ರ ಶಾಸಕರ ಡೈರಿಯಲ್ಲಿ ಅವರದೇ ಕೈಬರಹವಿದೆ ಎಂಬುದು ಅದರ ಸಾರ. ಕಾಂಗ್ರೆಸ್ ಪಕ್ಷ ಅಂದೇ ಪತ್ರಿಕಾಗೋಷ್ಠಿ ಕರೆದು ತನಿಖೆಗೆ ಒತ್ತಾಯಿಸಿತು. ಯಡಿಯೂರಪ್ಪನವರು ಎಲ್ಲವೂ ಕಟ್ಟುಕತೆಯೆಂದರು. ಆದಾಯ ತೆರಿಗೆ ಇಲಾಖೆಯೂ ಅಂದೇ ಮಾತನಾಡಿತು: 2017ರ ಆಗಸ್ಟ್‌ನಲ್ಲಿ ಆಗ ಕರ್ನಾಟಕದ ಸಚಿವರಾಗಿದ್ದ ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರರ ಮನೆಯ ಶೋಧದಲ್ಲಿ ಸಿಕ್ಕಿದ್ದು ಬಿಡಿ ಹಾಳೆಗಳ ನೆರಳಚ್ಚು ಪ್ರತಿ ಮಾತ್ರ; ಹೈದರಾಬಾದಿನ ವಿಧಿವಿಜ್ಞಾನ ಪ್ರಯೋಗಾಲಯ ಮೂಲಪ್ರತಿಯಿಲ್ಲದೆ ಅಭಿಪ್ರಾಯ ಕೊಡಲಾಗದು ಎಂದಿದೆ; ಮೇಲ್ನೋಟಕ್ಕೆ ಇವು ನಕಲಿಯೆಂದು ತೋರುತ್ತವೆ.

ಇನ್ನು ಪ್ರಚಾರ ನಡೆದ ರೀತಿ. ಆರೋಪವನ್ನು ನಂಬಿದವರು ಅದನ್ನು 'ಡೈರಿ' ಎಂದೇ ಕರೆದರು; ನಂಬದವರು 'ನಕಲಿ' ಎಂದು ತೀರ್ಮಾನಿಸಿದರು. ಎರಡೂ ಪದಗಳು ಪ್ರಯೋಗಾಲಯದ ಮಾತನ್ನು ದಾಟಿ ಮುಂದೆ ಹೋದವು. ನೆರಳಚ್ಚಿನಿಂದ ಕೈಬರಹವನ್ನು ನಿಶ್ಚಯಿಸಲಾಗದು ಎಂದರೆ ಅದು ನಿಜವೆಂದೂ ಅಲ್ಲ, ಸುಳ್ಳೆಂದೂ ಅಲ್ಲ. ಎದುರಾಳಿಯ ಮನೆಯಲ್ಲಿ ಸಿಕ್ಕಿತೆಂಬುದು ಎಚ್ಚರಿಕೆಗೆ ಕಾರಣವೇ ಹೊರತು ಸುಳ್ಳೆಂಬುದಕ್ಕೆ ಪುರಾವೆಯಲ್ಲ. ಇಲಾಖೆಯ ಮಾತೆಂದ ಮಾತ್ರಕ್ಕೆ ಅದೂ ಕೊನೆಯ ಮಾತಾಗುವುದಿಲ್ಲ. ಇಲಾಖೆಯ ಮೇಲೂ ಒಂದು ಸರಕಾರವಿರುತ್ತದೆ.

ನ್ಯಾಯಾಲಯಗಳು ಇಂಥ ಹಾಳೆಗಳನ್ನು ಹಿಂದೆಯೇ ತೂಗಿ ನೋಡಿವೆ. 1991ರಲ್ಲಿ ಸಿಕ್ಕ ಜೈನ್ ಸಹೋದರರ ಹವಾಲಾ ಡೈರಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರಲ್ಲಿ ಹೇಳಿದ್ದು ಇಷ್ಟು: ಬಿಡಿ ಹಾಳೆಗಳು ಲೆಕ್ಕದ ಪುಸ್ತಕವಲ್ಲ, ಪುಸ್ತಕವೇ ಆದರೂ ಬರೆದ ಅಂಕಿಯೊಂದರಿಂದಲೇ ಇನ್ನೊಬ್ಬನನ್ನು ಹೊಣೆ ಮಾಡಲಾಗದು, ಸ್ವತಂತ್ರ ಆಧಾರ ಬೇಕು. 2017ರ ಸಹಾರಾ–ಬಿರ್ಲಾ ಕಾಗದಗಳ ವಿಷಯದಲ್ಲೂ ನ್ಯಾಯಾಲಯ ಇದೇ ದಾರಿ ಹಿಡಿದು ತನಿಖೆಗೆ ಒಪ್ಪಲಿಲ್ಲ. ಪುರಾವೆ ಹುಡುಕಲಿಕ್ಕೆ ತಾನೇ ತನಿಖೆ ಬೇಕಾಗುವುದು ಎಂಬ ಆಕ್ಷೇಪಕ್ಕೂ ಬೆಲೆಯುಂಟು. ಆದರೆ ತನಿಖೆ ಬೇಡುವುದು ಬೇರೆ, ತೀರ್ಪು ಬರೆಯುವುದು ಬೇರೆ.

ತೀರ್ಪು ಮೊದಲು ಬಂದರೆ ಏನಾಗುತ್ತದೆಂಬುದನ್ನು ಮಲಯಾಳ ಓದುವ ನಮ್ಮ ಮನೆಗಳು ಬಲ್ಲವು. 1994ರ ಇಸ್ರೋ ಗೂಢಚಾರಿಕೆ ಪ್ರಕರಣದಲ್ಲಿ ಪೊಲೀಸರಿಂದ ಸೋರಿದ ಮಾತುಗಳು ದಿನವೂ ಕತೆಗಳಾಗಿ ಅಚ್ಚಾದವು. ಆಡಳಿತ ಪಕ್ಷದೊಳಗಿನ ವಿರೋಧಿಗಳಿಗೂ ಅವು ಆಯುಧವಾದವು, ಮುಖ್ಯಮಂತ್ರಿ ಕೆ. ಕರುಣಾಕರನ್ 1995ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. 1996ರಲ್ಲಿ ಸಿ.ಬಿ.ಐ. ಆರೋಪಕ್ಕೆ ಆಧಾರವಿಲ್ಲವೆಂದಿತು. ವಿಜ್ಞಾನಿ ನಂಬಿ ನಾರಾಯಣನ್‌ರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ. ನಡುವೆ ಕಳೆದ 24 ವರ್ಷಗಳನ್ನು ಯಾವ ಪತ್ರಿಕೆಯೂ ಹಿಂದಕ್ಕೆ ಕೊಡಲಾರದು.

ಆದ್ದರಿಂದ ಓದುಗನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಮೂಲಪ್ರತಿ ಎಲ್ಲಿದೆ? ಅದು ಯಾರ ಕೈದಾಟಿ ಬಂತು? ಈ ಹೊತ್ತಿನಲ್ಲೇ ಏಕೆ ಬಂತು? ಇವರ ಹಂಗಿಲ್ಲದ ಇನ್ನೊಂದು ಸಾಕ್ಷ್ಯವಿದೆಯೆ? ಉತ್ತರವಿಲ್ಲದೆಡೆ 'ಎನ್ನಲಾದ' ಎಂಬ ಪದವನ್ನಾದರೂ ಉಳಿಸಿಕೊಳ್ಳುವ ಪತ್ರಿಕೆ ನಂಬಿಕೆಗೆ ಅರ್ಹ. ಪುರಾವೆಯಿಲ್ಲದೆ ಕೂಗಿದ ಆರೋಪ ಸುಳ್ಳಾಗಿದ್ದರೆ ಒಬ್ಬನ ಮಾನ ಹೋಗುತ್ತದೆ. ನಿಜವಾಗಿದ್ದರೆ ನಿಜವೇ ಸೋತು ತಪ್ಪಿತಸ್ಥನು ಪಾರಾಗುತ್ತಾನೆ. ಮೂರು ಭಾಷೆಯ ಪತ್ರಿಕೆಗಳನ್ನು ಎದುರಿಟ್ಟುಕೊಂಡು ಓದಬಲ್ಲವರು ಇದನ್ನು ಮನೆಯ ಮಕ್ಕಳಿಗೂ ಕಲಿಸಬೇಕು.